ಹನ್ನೆರಡನೆಯ ಮಗ್ಗು

ಅವಳು ಹೊಡೆದೇಬಿಟ್ಟಳು!

ದಪ್ಪ ಗಾಜಿನ ಬಿಯರ್ ಮಗ್ಗು ಅವನ ಹುಬ್ಬಿಗೆ ಬಡಿದು, ಹಿಡಿ ಮಾತ್ರ ಅವಳ ಕೈಯಲ್ಲಿ ಉಳಿಯಿತು. ಮಿಕ್ಕಿದ್ದೆಲ್ಲ ಚೂರಾಗಿ ಜಲ್ಲಿಕಲ್ಲಿನ ಮೇಲೆ ಚೆಲ್ಲಿತು.

ಬೇಸಿಗೆಯ ಸಂಜೆ, ನಾಲ್ಕು ಗಂಟೆ. ದೊಡ್ಡ ದೊಡ್ಡ ಮರಗಳ ನೆರಳಲ್ಲಿ ನಲವತ್ತು ಉದ್ದನೆಯ ಬೆಂಚು, ಬೆಂಚಿನ ತುಂಬ ಜನ. ಅಷ್ಟು ಹೊತ್ತು ಗಲಗಲ ಅನ್ನುತ್ತಿದ್ದ ಬಿಯರ್ ತೋಟ ಆ ಒಂದೇ ಏಟಿಗೆ ಬಾಯಿ ಮುಚ್ಚಿಕೊಂಡಿತು.

ಅವನ ಹುಬ್ಬಿನಿಂದ ರಕ್ತ ಇಳಿದು ಕಣ್ಣೊಳಗೆ ಹೋಯಿತು. ಅವನು ಒರೆಸಿಕೊಳ್ಳಲಿಲ್ಲ. ಒಂದು ಹೆಜ್ಜೆ ಹಿಂದಕ್ಕೂ ಸರಿಯಲಿಲ್ಲ.

"ಚೆನ್ನಾಗಿದ್ದೀಯಾ ಡಜನ್?" ಅಂದ.

ಆ ಹೆಸರು! ಎರಡು ವರ್ಷದಿಂದ ಬೇರೆಯವರು ಕರೆದಾಗೆಲ್ಲ ಸುಮ್ಮನೆ ಕಿವಿಗೆ ಬೀಳುತ್ತಿದ್ದ ಹೆಸರು, ಅವನ ಬಾಯಲ್ಲಿ ಬಂದದ್ದೇ ತಡ ಅವಳು ಕೈಯಲ್ಲಿ ಉಳಿದ ಹಿಡಿಯನ್ನು ಇನ್ನೂ ಬಿಗಿಯಾಗಿ ಅಮುಕಿದಳು.

"ಇನ್ನೊಂದು ಸಲ ಹಾಗೆ ಕರೆದ್ರೆ ಇನ್ನೊಂದು ಮಗ್ಗು ಒಡೀತೀನಿ!"

"ಒಡಿ. ಇನ್ನೊಂದು ಹುಬ್ಬು ಇದೆಯಲ್ಲ."

"ಸರಿಯಾಗಿ ಕೊಟ್ಟೆ ಕಣಮ್ಮಾ!" ಮೂರನೇ ಬೆಂಚಿನಿಂದ ಟೈಲರ್ ಮಾವ ಕೂಗಿದರು. "ಅವತ್ತು ನನ್ನ ತುಟಿ ಹರಿದ ರೌಡಿ ಅವನು! ಬಾಯಿಗಿಟ್ಟ ಬಿಯರನ್ನ ಕಿತ್ಕೊಂಡು ಓಡಿದೋನು!"

ಹೌದು ಕಣ್ರೀ, ಇದು ಪ್ರೇಮಕಥೆಯೇ. ಹೂವು ಕೊಡೋದರಿಂದ ಶುರುವಾಗೋ ಕಥೆ ಬೇಕಾದವರು ಬೇರೆ ಕಡೆ ನೋಡಿಕೊಳ್ಳಿ. ಇದು ಗಾಜು ಒಡೆದು ಶುರುವಾದದ್ದು, ಗಾಜು ಒಡೆದೇ ಮುಗಿಯುವಂಥದ್ದು.

ಮೊದಲು ಇವರು ಯಾರು ಅಂತ ಹೇಳಿಬಿಡುತ್ತೇನೆ.

ಆ ತೋಟದ ಹಿಂದೆಯೇ ಬಿಯರ್ ತಯಾರಾಗುವ ಕಾರ್ಖಾನೆ. ಅಜ್ಜನ ಕಾಲದ್ದು. ಈಗ ಅವಳ ಅಪ್ಪನದು. ಬಿಯರ್ ಕಾಯಿಸಿ ಹುದುಗಿಸೋದು ಅಪ್ಪ ಮತ್ತು ಅಣ್ಣ, ಜನಕ್ಕೆ ಕೊಡೋದು ಇವಳು. ಒಂದು ಕೈಗೆ ಆರರಂತೆ ಹನ್ನೆರಡು ತುಂಬಿದ ಮಗ್ಗು ಒಟ್ಟಿಗೆ ಹಿಡಿದು ಒಂದು ಹನಿ ಚೆಲ್ಲದೆ ನಡೆಯುತ್ತಿದ್ದಳು. ಅದಕ್ಕೇ ಡಜನ್ ಅನ್ನೋ ಹೆಸರು. ಅವಳು ಹೊರಟರೆ ಸಾಕು, ಬೆಂಚುಗಳಿಂದ ಚಪ್ಪಾಳೆ. ಆ ಚಪ್ಪಾಳೆ ಅಂದರೆ ಅವಳಿಗೆ ಪ್ರಾಣ.

ಅವನನ್ನು ಎಲ್ಲರೂ ಕರೆಯೋದು ಪೀಪಾಯಿ ಅಂತ. ಮರದ ಪೀಪಾಯಿಗಳಿಗೆ ಹಲಗೆ ಜೋಡಿಸಿ, ಕಬ್ಬಿಣದ ಪಟ್ಟಿ ಬಿಗಿಯೋ ಕೆಲಸಗಾರ. ಅಣ್ಣನ ಜೀವದ ಗೆಳೆಯ. ಇವಳ ಮನಸ್ಸನ್ನು ಯಾವಾಗ ಗೆದ್ದ ಅಂತ ಇವಳಿಗೂ ಗೊತ್ತಿಲ್ಲ. ಎರಡು ವರ್ಷದ ಹಿಂದೆ, ಬೇಸಿಗೆಯ ಒಂದು ಭಾನುವಾರ, ಅವನು ಅಪ್ಪನ ಹತ್ತಿರ ಇವಳನ್ನು ಮದುವೆಗೆ ಕೇಳೋದು ಅಂತ ಇಬ್ಬರೂ ಮಾತಾಡಿಕೊಂಡಿದ್ದರು. ಆ ಭಾನುವಾರವೇ ಎಲ್ಲ ಮುಳುಗಿತು.

ಅಲ್ಲಿ ಒಂದು ಕಟ್ಟುನಿಟ್ಟು ಇತ್ತು. ಬಿಯರ್ ಹುದುಗುವಾಗ ಏಳುವ ಗಾಳಿ ಕೆಟ್ಟದ್ದು. ನೆಲಮಾಳಿಗೆಯಲ್ಲಿ ತುಂಬಿಕೊಂಡರೆ ಮನುಷ್ಯನ ಉಸಿರು ನಿಂತೇ ಹೋಗುತ್ತೆ. ಅದಕ್ಕೆ, ನೆಲಮಾಳಿಗೆಗೆ ಇಳಿಯೋರು ತಮ್ಮ ಸ್ವಂತ ಮಗ್ಗನ್ನು ಬಾಗಿಲ ಪಕ್ಕದ ಕಂಬದ ಕೊಕ್ಕೆಗೆ ನೇತುಹಾಕಿ ಇಳಿಯಬೇಕು. ಕೊಕ್ಕೆಯಲ್ಲಿ ಮಗ್ಗು ಇದ್ದರೆ ಕೆಳಗೆ ಆಳಿದ್ದಾನೆ ಅಂತ. ಬಾಗಿಲು ಮುಚ್ಚೋ ಹಾಗಿಲ್ಲ, ಗಾಳಿ ಎಳೆಯೋ ಫ್ಯಾನು ಆರಿಸೋ ಹಾಗಿಲ್ಲ. ಕೊಕ್ಕೆ ಖಾಲಿ ಇದೆಯಾ ಅಂತ ನೋಡಿ ಮುಚ್ಚಿ ಆರಿಸೋದು ಪೀಪಾಯಿಯ ಕೆಲಸ.

ಅಣ್ಣನ ಮಗ್ಗಿನ ಅಂಚು ಒಂದು ಕಡೆ ಒಡೆದಿತ್ತು. ಅಂಚು ಒಡೆದ ಮಗ್ಗು ಕಂಡರೆ ಅಪ್ಪ ನಿಂತ ಕಾಲಲ್ಲೇ ಅದನ್ನು ಪುಡಿ ಮಾಡುತ್ತಿದ್ದರು. ಬಂದವರ ಬಾಯಿ ಕೊಯ್ಯಬಾರದಲ್ಲ! ಇದೊಂದಕ್ಕೆ ಮಾತ್ರ ಮಾಫಿ. ಅಣ್ಣ ಅದನ್ನು ಬಿಟ್ಟುಕೊಡಲು ಒಪ್ಪಿರಲಿಲ್ಲ.

ಆ ಭಾನುವಾರ ಅಣ್ಣ ಕೆಳಗಿದ್ದಾಗ ಪೀಪಾಯಿ ನೆಲದ ಮಟ್ಟಕ್ಕಿದ್ದ ಕಬ್ಬಿಣದ ಬಾಗಿಲು ಮುಚ್ಚಿ ಫ್ಯಾನು ಆರಿಸಿದ. ಮೇಲೆ ಬ್ಯಾಂಡಿನ ಗದ್ದಲ. ಕೆಳಗೆ ಅಣ್ಣ ಉಸಿರು ಕಟ್ಟಿಕೊಂಡು ಕಬ್ಬಿಣವನ್ನು ಗುದ್ದಿದ, ಗುದ್ದಿದ, ಬಲಗೈಯ ಮೂಳೆ ನುಚ್ಚಾಗುವ ತನಕ ಗುದ್ದಿದ. ಕಾಲು ಗಂಟೆ ಬಿಟ್ಟು ಬಾಗಿಲು ತೆಗೆದವನೂ ಪೀಪಾಯಿಯೇ. ಹೊತ್ತು ತಂದು ಜಲ್ಲಿಯ ಮೇಲೆ ಮಲಗಿಸಿದಾಗ ಅಣ್ಣನ ತುಟಿ ನೀಲಿಯಾಗಿತ್ತು.

ಕೊಕ್ಕೆಯಲ್ಲಿ ಅಣ್ಣನ ಮಗ್ಗು ನೇತಾಡುತ್ತಿತ್ತು. ಎಲ್ಲರೂ ನೋಡಿದರು.

"ಮಗ್ಗು ಅಲ್ಲೇ ಇದೆಯಲ್ಲೋ! ಕಣ್ಣು ಕುರುಡಾಗಿತ್ತಾ?" ಅಂತ ಅಪ್ಪ ಕೂಗಿದ್ದರು.

ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಳಾಡುತ್ತಿದ್ದ ಇವಳನ್ನು ಪೀಪಾಯಿ ನೋಡಿದ. ಆಮೇಲೆ ತಲೆ ತಗ್ಗಿಸಿ, "ನೋಡಲಿಲ್ಲ. ಮರೆತೆ," ಅಂದ. ಜನ ಅವನನ್ನು ಹಿಡಿದು ಬಡಿದು ಗೇಟಿನ ಹೊರಗೆ ನೂಕಿದರು. ಅವತ್ತು ಹೋದವನು ಇವತ್ತು ಬಂದಿದ್ದ.

"ಯಾರೋ ಅದು?"

ಕಾರ್ಖಾನೆಯ ಬಾಗಿಲಲ್ಲಿ ಅಣ್ಣ ನಿಂತಿದ್ದ. ಬಲಗೈಯ ಎರಡು ಬೆರಳು ಮಡಚಿಕೊಂಡು ಹಾಗೇ ಇದ್ದವು, ಎರಡು ವರ್ಷದಿಂದ ಬಿಚ್ಚಿಕೊಂಡಿಲ್ಲ.

ಅಣ್ಣ ಓಡಿ ಬಂದ ರಭಸಕ್ಕೆ ಒಂದು ಬೆಂಚು ಮಗುಚಿತು. ಎಡಗೈ ಮುಷ್ಟಿ ಪೀಪಾಯಿಯ ದವಡೆಗೆ ಬಿತ್ತು. ಇನ್ನೊಂದು ಹೊಟ್ಟೆಗೆ. ಪೀಪಾಯಿ ಮೊಣಕಾಲೂರಿ ಕುಸಿದ, ಎದ್ದ, ಮತ್ತೆ ತಿಂದ. ಹೆಂಗಸರು ಕಿರುಚಿದರು, ಟೇಬಲ್ಲುಗಳಿಂದ ಮಗ್ಗುಗಳು ಉರುಳಿ ಒಡೆದವು. ಅವನು ಮಾತ್ರ ಒಂದು ಸಲವೂ ಕೈ ಎತ್ತಲಿಲ್ಲ.

"ಹೊಡಿಯೋ! ತಿರುಗಿ ಹೊಡಿಯೋ! ಗಂಡಸಲ್ವೇನೋ ನೀನು!" ಅಣ್ಣನ ಕೂಗು ಅಳುವಿನ ಹಾಗಿತ್ತು.

ಅಪ್ಪ ಬಂದರು. ಜಲ್ಲಿಗೆ ನೀರು ಚಿಮುಕಿಸೋ ಪೈಪು ಎತ್ತಿ ಇಬ್ಬರ ಮುಖಕ್ಕೂ ನೇರವಾಗಿ ಬಿಟ್ಟರು!

"ಕರೆಸಿದ್ದು ನಾನು," ಅಂದರು. "ಭಾನುವಾರ ದೊಡ್ಡ ಪೀಪಾಯಿ ತೆರೀಬೇಕು. ಅದು ಸೋರುತ್ತಿದೆ. ಅದನ್ನ ಕಟ್ಟಿದ ಕೈ ಇವನದೇ, ಬೇರೆ ಯಾರಿಗೂ ಬಗ್ಗಲ್ಲ ಅದು. ಕೆಲಸ ಮುಗಿಸ್ತಾನೆ, ಹೋಗ್ತಾನೆ. ಅಲ್ಲೀ ತನಕ ಇವನ ಮೈ ಮುಟ್ಟಿದೋರಿಗೆ ನನ್ನ ಮನೇಲಿ ಅನ್ನ ಇಲ್ಲ!"

ಅಣ್ಣ ಒದ್ದೆ ಮುಖ ಒರೆಸಿಕೊಂಡು ಒಳಗೆ ಹೋದ. ಅವಳು ತನ್ನ ಅಂಗೈ ನೋಡಿಕೊಂಡಳು. ಮಗ್ಗಿನ ಹಿಡಿಯ ಚೂರು ಚುಚ್ಚಿ ರಕ್ತ ಬರುತ್ತಿತ್ತು. ಅಷ್ಟು ಹೊತ್ತೂ ಅವಳಿಗೆ ಅದು ಗೊತ್ತೇ ಆಗಿರಲಿಲ್ಲ.

*

ಮಾರನೆಯ ದಿನ ಮಧ್ಯಾಹ್ನ ಅವಳು ಪೀಪಾಯಿ ಶೆಡ್ಡಿಗೆ ಹೋದಳು. ಹೋಗಬಾರದು ಅಂದುಕೊಂಡೇ ಹೋದಳು. 'ಬೈದು ಬರ್ತೀನಿ ಅಷ್ಟೇ' ಅಂತ ತನಗೆ ತಾನೇ ಸುಳ್ಳು ಹೇಳಿಕೊಂಡಳು.

ಅವನು ಆಳೆತ್ತರದ ಪೀಪಾಯಿಯ ಸುತ್ತ ತಿರುಗುತ್ತ ಮರದ ಕೊಡತಿಯಿಂದ ಪಟ್ಟಿಯನ್ನು ಬಡಿದು ಕೂರಿಸುತ್ತಿದ್ದ. ಹುಬ್ಬಿನ ಮೇಲೆ ಹರಿದ ಬಟ್ಟೆಯ ಪಟ್ಟಿ, ದವಡೆ ಊದಿತ್ತು.

"ಯಾಕೆ ಬಂದೆ?"

"ಯಜಮಾನರು ಕರೆದ್ರು."

"ಅದಕ್ಕೇನಾ?"

ಏಟು ನಿಂತಿತು. "ಅದೊಂದಕ್ಕೇ ಅಲ್ಲ."

ಅವಳಿಗೆ ಅಳು ಉಕ್ಕಿತು. ಸಿಟ್ಟು ಬಂತು. ಅಳು ಬಂದರೆ ಅವಳಿಗೆ ಸಿಟ್ಟೇ ಬರೋದು! ಗೋಡೆಗೆ ಒರಗಿಸಿದ್ದ ಕಬ್ಬಿಣದ ಪಟ್ಟಿಯನ್ನು ಎತ್ತಿ ಅವನ ಕಾಲ ಬುಡಕ್ಕೆ ಬಿಸಾಡಿದಳು. ಅದು ಠಣಠಣ ಅಂತ ಕುಣಿದು ಸುತ್ತಿ ಬಿತ್ತು.

"ದಿನಕ್ಕೆ ಮೂರು ಸಲ ಆ ಕೊಕ್ಕೆ ನೋಡ್ತಿದ್ದೋನು ನೀನು! ನಾವೆಲ್ಲ ನಗ್ತಿದ್ವಿ ನಿನ್ನ ನೋಡಿ! ಅವತ್ತು ಒಂದಿನ... ಅವತ್ತು ಒಂದೇ ಒಂದಿನ ಯಾಕೆ ನೋಡಲಿಲ್ಲ?"

"ಮರೆತೆ."

"ಸುಳ್ಳು!"

"ಮರೆತೆ ಅಂದ್ನಲ್ಲ." ಅವನ ಕಣ್ಣು ಅವಳ ಕೈ ಮೇಲೆ ನಿಂತಿತು. "ಕೈ ತೋರಿಸು."

"ಬೇಡ."

"ಗಾಜು ಒಳಗಿದೆ. ಊದಿಕೊಂಡಿದೆ. ತೋರಿಸು ಅಂದೆ!"

ಅವನು ಮಣಿಕಟ್ಟು ಹಿಡಿದ. ಅವಳು ಇನ್ನೊಂದು ಕೈಯಿಂದ ಅವನ ಎದೆಗೆ ಗುದ್ದಿದಳು. ಅವನು ಬಿಡಲಿಲ್ಲ. ಚಿಮಟದ ತುದಿ ಬೆಂಕಿಕಡ್ಡಿಯಲ್ಲಿ ಕಾಯಿಸಿ, ಅವಳ ಅಂಗೈಯನ್ನು ತನ್ನ ಮೊಣಕಾಲ ಮೇಲೆ ಒತ್ತಿ ಹಿಡಿದು, ಒಂದೇ ಎಳೆತಕ್ಕೆ ಚೂರನ್ನು ಹೊರಗೆ ತೆಗೆದ. ಅವಳು ಹಲ್ಲು ಕಚ್ಚಿ ಅವನ ಭುಜ ಹಿಡಿದಳು. ನೋವು ಹೋದ ಮೇಲೂ ಒಂದು ಕ್ಷಣ ಹಿಡಿದೇ ಇದ್ದಳು.

ಮರದ ಹೊಟ್ಟಿನ ವಾಸನೆ... ಎರಡು ವರ್ಷ ಅವಳು ಇದೇ ವಾಸನೆಯನ್ನು ಮರೆಯಲು ಒದ್ದಾಡಿದ್ದಳು.

'ಅಯ್ಯೋ, ನಾಚಿಕೆ ಇಲ್ವಾ ನನಗೆ? ಅಣ್ಣನ ಕೈ ಹಾಳು ಮಾಡಿದವನು ಇವನು!'

ಕೈ ಕಿತ್ತುಕೊಂಡು ಹೊರಗೆ ಓಡಿದಳು. ಶೆಡ್ಡಿನ ಹಿಂದೆ, ಖಾಲಿ ಪೀಪಾಯಿಗಳ ಸಾಲಿನಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿರುವಾಗಲೇ ಅಣ್ಣನ ದನಿ ಕೇಳಿತು. ಅವನು ಆಚೆ ಬಾಗಿಲಿನಿಂದ ಶೆಡ್ಡಿನೊಳಗೆ ಬಂದಿದ್ದ.

"ಅಪ್ಪ ಮುಟ್ಟಬೇಡ ಅಂದಿದ್ದಾರೆ. ಮುಟ್ಟಲ್ಲ. ಭಾನುವಾರದ ತನಕ."

"ಭಾನುವಾರ ಆದ್ಮೇಲೆ?"

"ದೊಡ್ಡ ಪೀಪಾಯಿಗೆ ನಲ್ಲಿ ಹೊಡೆಯೋ ಕೊಡತಿ ನನ್ನ ಕೈಲಿರುತ್ತೆ. ಮೊದಲ ಏಟು ಪೀಪಾಯಿಗೆ. ಎರಡನೇ ಏಟು ನಿನ್ನ ಬಲಗೈಗೆ. ಇಲ್ಲೇ, ಈ ಹಲಗೆ ಮೇಲೆ. ಕೈಗೆ ಕೈ. ಇಲ್ಲಾ, ಇವತ್ತೇ ಜಾಗ ಖಾಲಿ ಮಾಡು."

ಹೊರಗೆ ಅವಳು ಶೆಡ್ಡಿನ ಗೋಡೆಗೆ ಕಿವಿ ಒತ್ತಿದಳು. ಪೀಪಾಯಿ ಕಟ್ಟುವವನಿಗೆ ಬಲಗೈ ಹೋದರೆ ಇನ್ನೇನು ಉಳಿಯಿತು?

'ಇಲ್ಲ ಅನ್ನು... ಇಲ್ಲ ಅನ್ನೋ...'

"ಆ ಏಟು ಬಿದ್ರೆ ನಾನಿಲ್ಲಿ ಇರಬಹುದಾ?" ಪೀಪಾಯಿ ಕೇಳಿದ.

ಅಣ್ಣ ತಡವರಿಸಿದ. ಈ ಪ್ರಶ್ನೆ ಅವನು ನಿರೀಕ್ಷಿಸಿರಲಿಲ್ಲ. "ಇರು. ಆಮೇಲೆ ನಿನ್ನ ಮುಖ ನೋಡೋಕಾದ್ರೆ ನೋಡ್ತೀನಿ."

"ಹಾಗಾದ್ರೆ ಸರಿ. ಭಾನುವಾರ."

*

ಶುಕ್ರವಾರ ಅವಳು ಅಪ್ಪನಿಗೆ ಹೇಳಲು ಎರಡು ಸಲ ಹೋಗಿ ವಾಪಸು ಬಂದಳು. ಹೇಳಿದರೆ ಅಪ್ಪ ಅಣ್ಣನನ್ನು ಮನೆಯಿಂದ ಆಚೆ ಹಾಕುವುದು ಖಂಡಿತ, ಅವರು ಆಡಿದ ಮಾತು ತಪ್ಪುವವರಲ್ಲ. ಬೆಳಗ್ಗೆ ಅತ್ತಿಗೆ ಅಣ್ಣನ ಅಂಗಿ ಗುಂಡಿ ಹಾಕುತ್ತಿದ್ದಳು. ಮೂವತ್ತೆರಡು ವರ್ಷದ ಗಂಡಸು ಮಗುವಿನ ಹಾಗೆ ಗಲ್ಲ ಎತ್ತಿ ನಿಂತಿದ್ದ. ಅದನ್ನು ನೋಡಿ ಅವಳ ಮನಸ್ಸು ಹೇಳಿತು: 'ನ್ಯಾಯ ತಾನೇ? ಕೈಗೆ ಕೈ...' ಮರುಕ್ಷಣವೇ ತನ್ನ ಅಂಗೈಯ ಗಾಯ ಹಿಡಿದು ಬಿಕ್ಕಿದಳು.

ಶನಿವಾರ ಬೆಳಗ್ಗೆಯೇ ಶೆಡ್ಡಿಗೆ ನುಗ್ಗಿದಳು.

"ಓಡಿಹೋಗು. ಇವತ್ತೇ, ಈಗಲೇ!"

"ಎರಡು ವರ್ಷ ಓಡಿದ್ದು ಸಾಕಾಯ್ತು."

"ಕೈ ಹೋದ್ರೆ ಏನ್ ಮಾಡ್ತೀಯೋ?"

"ಎಡಗೈಲಿ ಕಲೀತೀನಿ. ನಿಮ್ಮಣ್ಣ ಕಲಿತಿಲ್ವಾ? ನನ್ನ ದವಡೆ ಕೇಳಿ ನೋಡು, ಎಷ್ಟು ಚೆನ್ನಾಗಿ ಕಲಿತಿದ್ದಾನೆ."

"ತಮಾಷೆ ಮಾಡ್ಬೇಡ!" ಅವಳು ಅವನ ಅಂಗಿಯ ಎದೆ ಹಿಡಿದು ಅಲುಗಾಡಿಸಿದಳು. "ನಿನ್ನ ಕಂಡ್ರೆ ನನಗೆ ಅಸಹ್ಯ! ಗೊತ್ತಾ? ಎರಡು ವರ್ಷದಿಂದ ದಿನಾ ಬೆಳಗ್ಗೆ ಎದ್ದು ಮೊದಲು ನಿನಗೆ ಶಾಪ ಹಾಕಿ ಆಮೇಲೆ ಮುಖ ತೊಳೀತೀನಿ!"

"ಗೊತ್ತು." ಅವನು ಅವಳ ಮುಷ್ಟಿಯನ್ನು ಬಿಡಿಸಲಿಲ್ಲ. "ದಿನಾ ನೆನಪು ಮಾಡ್ಕೋತೀಯಲ್ಲ... ಅಷ್ಟು ಸಾಕು."

ಇಂಥವನಿಗೆ ಏನು ಹೇಳುತ್ತೀರಿ? ಅವಳು ಅಂಗಿ ಬಿಟ್ಟು ಹೊರಟುಹೋದಳು.

*

ಭಾನುವಾರ. ಸುಡು ಬಿಸಿಲು. ತೋಟದಲ್ಲಿ ಕಾಲಿಡಲು ಜಾಗವಿಲ್ಲ.

ದೊಡ್ಡ ಪೀಪಾಯಿ ಮರದ ಕಟ್ಟೆಯ ಮೇಲೆ ಕೂತಿತ್ತು. ಒಂದು ಹನಿ ಸೋರುತ್ತಿರಲಿಲ್ಲ. ಅಣ್ಣ ಕೊಡತಿ ಎತ್ತಿ ಎಡಗೈಯಲ್ಲಿ ಒಂದೇ ಏಟು ಹಾಕಿದ, ಹಿತ್ತಾಳೆಯ ನಲ್ಲಿ ಒಳಗೆ ಹೊಕ್ಕಿತು, ನೊರೆ ಚಿಮ್ಮಿತು. ಜನ ಹೋ ಅಂದರು!

ಮೊದಲ ಏಟು ಆಯಿತು.

ಅವಳು ನೋಡುತ್ತಿದ್ದ ಹಾಗೆಯೇ ಅಣ್ಣ ಕೊಡತಿ ಕೆಳಗಿಡದೆ, ತನ್ನ ಅಂಚು ಒಡೆದ ಮಗ್ಗನ್ನು ಇನ್ನೊಂದು ಕೈಯಲ್ಲಿ ಸಿಕ್ಕಿಸಿಕೊಂಡು, ಶೆಡ್ಡಿನ ಕಡೆ ನಡೆದ. ಪೀಪಾಯಿ ಆಗಲೇ ಅಲ್ಲಿಗೆ ಹೋಗಿದ್ದ.

"ಡಜನ್! ಡಜನ್!" ಬೆಂಚುಗಳು ಚಪ್ಪಾಳೆ ತಟ್ಟಿ ಕೂಗಿದವು. ಕೈ ತಾನಾಗಿ ಕೆಲಸ ಮಾಡಿತು. ಆರು, ಆರು. ತುಂಬಿದ ಹನ್ನೆರಡು ಮಗ್ಗು ಎತ್ತಿಕೊಂಡು ಹೊರಟಳು. ಕಣ್ಣು ಮಾತ್ರ ಶೆಡ್ಡಿನ ಕಡೆಗೇ ಇತ್ತು.

"ಇವತ್ತಾದ್ರೂ ನೆಮ್ಮದಿಯಾಗಿ ಕುಡೀತೀನಿ," ಟೈಲರ್ ಮಾವ ಕೈ ಚಾಚಿದರು. "ಅವತ್ತು ಆ ರೌಡಿ ಕಿತ್ಕೊಂಡ ರಭಸಕ್ಕೆ ನೋಡು, ಗುರುತು ಇನ್ನೂ ಹೋಗಿಲ್ಲ. ಎರಡು ಹೊಲಿಗೆ! ಬಟ್ಟೆ ಹೊಲಿಯೋನಿಗೇ ಹೊಲಿಗೆ ಹಾಕಿದ್ರು!"

ನೂರು ಸಲ ಕೇಳಿದ್ದ ಮಾತು. ನೂರೊಂದನೇ ಸಲ ಅವಳ ಹೆಜ್ಜೆ ನಿಂತಿತು.

"ಮಾವ... ಮಗ್ಗು ಕಿತ್ಕೊಂಡ್ರೆ ತುಟಿ ಹೇಗೆ ಹರಿಯುತ್ತೆ?"

"ಅಂಚು ಒಡೆದಿತ್ತಲ್ಲಮ್ಮ. ಗರಗಸ ಇದ್ದ ಹಾಗಿತ್ತು. ಕುಡಿಯೋವಾಗಲೇ ಅಂದ್ಕೊಂಡೆ, ನಿಮ್ಮಪ್ಪ ನೋಡಿದ್ರೆ ಪುಡಿ ಮಾಡ್ತಾರೆ ಅಂತ. ಅಷ್ಟರಲ್ಲಿ ಅವನು ಬಂದ, ಮಗ್ಗು ನೋಡಿದ, ಮುಖ ಬೂದಿ ಬಣ್ಣ ಆಯ್ತು, ಕಿತ್ಕೊಂಡು ಓಡಿದ ಕಣಮ್ಮ!"

ಅಂಚು ಒಡೆದ ಮಗ್ಗು. ಇಡೀ ತೋಟದಲ್ಲಿ ಅಂಥದ್ದು ಒಂದೇ ಒಂದು.

"ಯಾರು... ಯಾರು ತಂದುಕೊಟ್ರು ಅದನ್ನ ನಿಮಗೆ?"

"ನೀನೇ! ಇನ್ಯಾರು ತರ್ತಾರೆ? ಹನ್ನೆರಡು ಹಿಡ್ಕೊಂಡು ಬಂದೆ, ನಾವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದ್ವಲ್ಲ..."

ಆಗ ನೆನಪಾಯಿತು.

ಆ ಭಾನುವಾರವೂ ಹೀಗೇ ಗದ್ದಲ. ಮಗ್ಗು ಸಾಲುತ್ತಿರಲಿಲ್ಲ. ತೊಳೆದು ಒಣಹಾಕುವ ಗೂಟಗಳೂ ನೆಲಮಾಳಿಗೆಯ ಕೊಕ್ಕೆಯೂ ಒಂದೇ ಕಂಬದಲ್ಲಿ. ಗೂಟಗಳಲ್ಲಿ ಹನ್ನೊಂದೇ ಇದ್ದವು. 'ಡಜನ್! ಡಜನ್!' ಅಂತ ಹಿಂದಿನಿಂದ ಕೂಗು. ಹನ್ನೊಂದು ಒಯ್ದರೆ ಮಾನ ಹೋಗುತ್ತಲ್ಲ! ಮುಖ ತಿರುಗಿಸದೆ, ನೋಡದೆ, ಪಕ್ಕಕ್ಕೆ ಕೈ ಚಾಚಿದ್ದಳು. ಬೆರಳಿಗೆ ಒಂದು ಹಿಡಿ ಸಿಕ್ಕಿತ್ತು.

ಹನ್ನೆರಡನೆಯ ಮಗ್ಗು.

ಕೈಯಲ್ಲಿದ್ದ ಹನ್ನೆರಡೂ ಬಿದ್ದವು. ಜಲ್ಲಿಯ ಮೇಲೆ ಗಾಜು ಸಿಡಿಯಿತು, ಬಿಯರು ಹರಿಯಿತು, ಚಪ್ಪಾಳೆ ನಿಂತಿತು. ಅವಳು ಆ ಚೂರುಗಳ ಮೇಲೆಯೇ ಓಡಿದಳು.

*

ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿತ್ತು. ಭುಜದಿಂದ ಗುದ್ದಿದಳು. ಇನ್ನೊಂದು ಸಲ! ಚಿಲಕ ಮುರಿದು ಒಳಗೆ ಬಿದ್ದಳು.

ಹಲಗೆಯ ಮೇಲೆ ಪೀಪಾಯಿಯ ಬಲಗೈ ಅಂಗಾತ. ಪಕ್ಕದಲ್ಲಿ ಸಾಕ್ಷಿಗೆ ಇಟ್ಟ ಹಾಗೆ ಅಣ್ಣನ ಮಗ್ಗು. ಅಣ್ಣ ಕೊಡತಿಯನ್ನು ತಲೆಯ ಮೇಲೆ ಎತ್ತಿದ್ದ.

"ಅಣ್ಣಾ!"

ಹಾರಿ ಬಂದು ತನ್ನ ಎರಡೂ ಕೈಗಳನ್ನು ಅವನ ಕೈಯ ಮೇಲೆ ಒತ್ತಿದಳು.

"ಆಚೆ ಸರಿಯೇ!" ಅಣ್ಣ ಗದರಿದ.

"ಮಗ್ಗು ತೆಗೆದೋಳು ನಾನು!"

ಕೊಡತಿ ಗಾಳಿಯಲ್ಲೇ ನಿಂತಿತು.

"ಕೊಕ್ಕೆಯಿಂದ ನಿನ್ನ ಮಗ್ಗು ತೆಗೆದೋಳು ನಾನು ಅಣ್ಣಾ! ಹನ್ನೊಂದಿತ್ತು, ಹನ್ನೆರಡು ಮಾಡೋಕೆ ತೆಗೆದೆ... ನೋಡಲಿಲ್ಲ ನಾನು, ಯಾವುದು ಅಂತ ನೋಡಲೇ ಇಲ್ಲ... ಇವನು ಬಾಗಿಲು ಮುಚ್ಚೋವಾಗ ಕೊಕ್ಕೆ ಖಾಲಿ ಇತ್ತು!"

"ಸುಳ್ಳು. ಇವನನ್ನ ಉಳಿಸೋಕೆ ಹೇಳ್ತಿದ್ದೀಯ."

"ಟೈಲರ್ ಮಾವನ ತುಟಿ ಹೋಗಿ ನೋಡು! ಯಾವ ಮಗ್ಗು ಕೊಯ್ದಿದ್ದು ಕೇಳು!"

ಅಣ್ಣ ಪೀಪಾಯಿಯ ಕಡೆ ತಿರುಗಿದ. "ನಿಜವೇನೋ?"

ಪೀಪಾಯಿ ಮುಖ ಆಚೆ ತಿರುಗಿಸಿದ.

"ಬಾಯಿ ಬಿಡೋ! ನಿಜವೇನೋ?"

"ಬಾಗಿಲು ಎತ್ತೋಕೆ ಎರಡೂ ಕೈ ಬೇಕಿತ್ತು," ಅವನು ನಿಧಾನವಾಗಿ ಅಂದ. "ಕಿತ್ತು ತಂದ ಮಗ್ಗನ್ನ ಕೊಕ್ಕೆಗೆ ಸಿಕ್ಕಿಸಿದೆ. ನಿನ್ನ ಹೊತ್ತು ತಂದ ಮೇಲೆ ಎಲ್ಲರೂ ಅದನ್ನೇ ನೋಡಿದ್ರು. ಇವಳು ನಿನ್ನ ತಲೆ ಹಿಡ್ಕೊಂಡು ಕೂತಿದ್ಲು... ಸುಮ್ಮನಾದೆ. ಆದರೆ ನಂದೂ ತಪ್ಪಿದೆ ಕಣೋ. ಮುಚ್ಚೋಕೆ ಮುಂಚೆ ಒಂದು ಸಲ ಕೂಗಬೇಕಿತ್ತು. ಒಳಗಿದ್ದೀಯಾ ಅಂತ. ಕೂಗಲಿಲ್ಲ."

"ಚಪ್ಪಾಳೆಗೋಸ್ಕರ..." ಅಣ್ಣ ತನ್ನ ಮಡಚಿದ ಬೆರಳುಗಳನ್ನು ನೋಡಿಕೊಂಡ. "ನಾಲ್ಕು ಜನರ ಚಪ್ಪಾಳೆಗೋಸ್ಕರ ನನ್ನ ಕೈ..."

"ಹೊಡಿ ಅಣ್ಣಾ. ನನ್ನ ಕೈಗೇ ಹೊಡಿ."

"ತೆಗಿ ಕೈ," ಅಂದ ಪೀಪಾಯಿ, ಅವಳ ಕೈಯನ್ನು ನೂಕಿ ತನ್ನದನ್ನು ಮೇಲಿಟ್ಟ.

"ನೀನು ತೆಗಿಯೋ!" ಅವಳು ಅವನದನ್ನು ಉಗುರಿನಿಂದ ಕಿತ್ತು ತನ್ನದನ್ನು ಇಟ್ಟಳು.

"ಇದು ನನ್ನ ಮಾತು, ನಾನು ಕೊಟ್ಟ ಮಾತು!"

"ತಪ್ಪು ನಂದು, ಕೈ ನಂದು!"

ಅಣ್ಣ ನೋಡಿದ. ಎರಡು ಹುಚ್ಚುಗಳು ಏಟಿಗೆ ಜಾಗ ಹಿಡಿಯಲು ಜಗಳ ಆಡುತ್ತಿದ್ದವು.

ಅವನು ಕೂಗಿದ. ಮಾತಲ್ಲ, ಬರೀ ಕೂಗು. ಎರಡು ವರ್ಷದ ಹಿಂದೆ ಕಬ್ಬಿಣದ ಬಾಗಿಲ ಕೆಳಗಿನಿಂದ ಯಾರಿಗೂ ಕೇಳಿಸದೆ ಹೋದ ಕೂಗು. ಕೊಡತಿ ಜೋರಾಗಿ ಇಳಿಯಿತು.

ಇಳಿದದ್ದು ಮಗ್ಗಿನ ಮೇಲೆ.

ಅಂಚು ಒಡೆದ ಮಗ್ಗು ಪುಡಿಪುಡಿಯಾಯಿತು. ಹಲಗೆ ಎರಡಾಗಿ ಸೀಳಿತು. ಒಂದು ಚೂರು ಹಾರಿ ಅವಳ ಕೆನ್ನೆ ಗೀರಿತು. ಪೀಪಾಯಿ ಅವಳನ್ನು ಎಳೆದು ತನ್ನ ಎದೆಗೆ ಒತ್ತಿಕೊಂಡ.

ಅಣ್ಣ ಬೋರಲು ಹಾಕಿದ್ದ ಒಂದು ಮರದ ಪೀಪಾಯಿಯ ಮೇಲೆ ಕುಸಿದು ಕೂತ.

"ಎರಡು ವರ್ಷ... ಅಂಗಿ ಗುಂಡಿ ಹಾಕಿಸ್ಕೊಳ್ಳೋವಾಗಲೆಲ್ಲ ಇವನನ್ನ ಬೈದೆ. ಬೈದ್ರೆ ನೋವು ಸ್ವಲ್ಪ ಕಮ್ಮಿ ಆಗ್ತಿತ್ತು. ಇನ್ನು ಮೇಲೆ ಯಾರನ್ನ ಬೈಲಿ?"

"ನನ್ನ ಬೈ ಅಣ್ಣಾ."

"ನಿನ್ನ ಬೈಯೋಕೆ ಆಗಲ್ವಲ್ಲೇ!" ಅಣ್ಣ ಅತ್ತುಬಿಟ್ಟ. ಮಡಚಿದ ಬೆರಳುಗಳಿಂದ ಕಣ್ಣು ಒರೆಸಿಕೊಳ್ಳಲು ಹೋಗಿ ಆಗದೆ ತೋಳಿನಿಂದ ಒರೆಸಿಕೊಂಡ. ಅವಳು ಹತ್ತಿರ ಹೋಗಲು ಹೆಜ್ಜೆ ಇಟ್ಟಳು, ಅವನು ಬೇಡ ಅಂತ ಕೈ ಅಡ್ಡ ಹಿಡಿದ.

"ಈಗ ಬೇಡ. ನಿನ್ನ ಜೊತೆ ಮಾತಾಡೋಕೆ ನನಗೆ ಸ್ವಲ್ಪ ದಿನ ಬೇಕು."

ಎದ್ದ. ಬಾಗಿಲವರೆಗೆ ಹೋಗಿ, ತಿರುಗದೆ ಪೀಪಾಯಿಗೆ ಅಂದ: "ಅವತ್ತು ಅಪ್ಪನ ಹತ್ರ ಏನೋ ಕೇಳೋದಿತ್ತಲ್ಲ ನಿನಗೆ. ಹೋಗಿ ಕೇಳು. ರಕ್ತ ಒರೆಸ್ಕೊಂಡು ಹೋಗು."

ಅವನ ಹೆಜ್ಜೆ ಸದ್ದು ದೂರವಾಯಿತು.

ಅವಳು ಪೀಪಾಯಿಯನ್ನು ತಳ್ಳಿದಳು. ಎದೆಗೆ ಗುದ್ದಿದಳು. ಒಂದು, ಎರಡು, ಮೂರು...

"ಯಾಕೋ ಹೇಳಲಿಲ್ಲ? ಎರಡು ವರ್ಷ ನಿನ್ನ ಶಪಿಸಿದ್ನಲ್ಲೋ! ಮುಖಕ್ಕೆ ಮಗ್ಗು ಒಡೆದ್ನಲ್ಲೋ! ಒಂದು ಮಾತು... ಒಂದೇ ಒಂದು ಮಾತು ಹೇಳಬಾರದಿತ್ತಾ?"

ಅವನು ಎಲ್ಲ ಗುದ್ದನ್ನೂ ತಿಂದ. ಆಮೇಲೆ ಹೇಳಿದ.

"ನನ್ನನ್ನ ದ್ವೇಷಿಸಿಕೊಂಡಾದ್ರೂ ನೀನು ಬದುಕ್ತೀಯ. ನಿನ್ನನ್ನ ನೀನೇ ದ್ವೇಷಿಸಿಕೊಂಡ್ರೆ ಬದುಕಲ್ಲ ಅನ್ನಿಸ್ತು."

ಗುದ್ದುತ್ತಿದ್ದ ಕೈ ಅವನ ಎದೆಯ ಮೇಲೇ ನಿಂತಿತು.

"ಇನ್ನು ಮೇಲೆ ನನ್ನ ಪರವಾಗಿ ನೀನೊಬ್ಬನೇ ಏನೂ ತೀರ್ಮಾನ ಮಾಡಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು."

"ಮಾಡಿದ್ರೆ..."

"ಇನ್ನೊಂದು ಹುಬ್ಬು ಇದೆ. ಗೊತ್ತು."

ಅವಳು ಅಳುತ್ತಲೇ ನಕ್ಕಳು. ಆಮೇಲೆ ತಾನು ಒಡೆದ ಆ ಹುಬ್ಬಿನ ಮೇಲೆ ತುಟಿ ಒತ್ತಿದಳು.

*

ಅವರಿಬ್ಬರೂ ತೋಟಕ್ಕೆ ಬಂದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಯಾರೋ ಗಾಜು ಗುಡಿಸಿದ್ದರು. ಅಪ್ಪ ನಲ್ಲಿಯ ಹತ್ತಿರ ನಿಂತು ಇಬ್ಬರ ಮುಖ ನೋಡಿ, ಏನೂ ಕೇಳದೆ ಪೈಪು ಎಲ್ಲಿದೆ ಅಂತ ಕಣ್ಣಲ್ಲೇ ಹುಡುಕಿದರು.

ಕಂಬದ ಕೊಕ್ಕೆಯಲ್ಲಿ ಹೊಸ ಮಗ್ಗು ನೇತಾಡುತ್ತಿತ್ತು. ಅಂಚು ಒಡೆಯದ, ನಿನ್ನೆ ತನಕ ಯಾರದೂ ಅಲ್ಲದ ಹೊಸ ಮಗ್ಗು.

ಅವಳು ತೆರೆದ ನೆಲಮಾಳಿಗೆಯ ಬಾಗಿಲ ಹತ್ತಿರ ಮೊಣಕಾಲೂರಿದಳು.

"ಅಣ್ಣಾ! ಒಳಗಿದ್ದೀಯಾ?"

ಫ್ಯಾನಿನ ಸದ್ದು. ಉತ್ತರ ಇಲ್ಲ.

ಎಷ್ಟು ಹೊತ್ತಾಯಿತೋ. ಅವಳು ಏಳಲಿಲ್ಲ.

"...ಇದ್ದೀನಿ ಕಣೆ," ಅಂತ ಕೆಳಗಿನಿಂದ ದನಿ ಬಂತು. "ಹೋಗಿ ಕೆಲಸ ನೋಡು."

ಅವಳು ಕಣ್ಣು ಒರೆಸಿಕೊಂಡು ಎದ್ದಳು. ಗೂಟಗಳಿಂದ ಮಗ್ಗು ತೆಗೆದಳು, ಈ ಸಲ ಒಂದೊಂದನ್ನೂ ನೋಡಿ ನೋಡಿ ತೆಗೆದಳು. ತುಂಬಿಸಿಕೊಂಡಳು.

"ಡಜನ್! ಡಜನ್!" ಬೆಂಚುಗಳಿಂದ ಕೂಗು ಎದ್ದಿತು.

ಪೀಪಾಯಿ ಎಣಿಸಿದ. "ಹನ್ನೊಂದೇ ಇದೆಯಲ್ಲೇ?"

"ಇನ್ನು ಮೇಲೆ ಹನ್ನೊಂದೇ."

"ಹನ್ನೆರಡನೆಯದು?"

ಅವಳು ಅವನ ಬಲಗೈ ನೋಡಿದಳು. ತನ್ನ ಉಗುರು ಗೀರಿದ ಗುರುತು ಬಿಟ್ಟರೆ ಪೂರ್ತಿ ಸರಿಯಾಗಿದ್ದ ಕೈ.

"ಅದನ್ನ ನೀನು ಹಿಡ್ಕೊಂಡು ನನ್ನ ಪಕ್ಕ ನಡಿ," ಅಂದಳು.

ಅವನು ಹಿಡಿದುಕೊಂಡ.